ಒಂದು ಓವನ್, ಎರಡು ಹದ: ಇಬ್ಬರ ಸ್ಟೇಕ್ ಊಟಕ್ಕೆ ನಾಲ್ಕು ಶನಿವಾರ

ಇದನ್ನು ಬರೆಯುವಾಗ ಪಕ್ಕದಲ್ಲಿ ಎಣ್ಣೆ ಕಲೆಯ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಗೀಚಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಮದುವೆ ವಾರ್ಷಿಕೋತ್ಸವದ ದಿನ ಹೋಟೆಲಿಗೆ ಹೋಗುವ ಬದಲು ಮನೆಯಲ್ಲೇ ಇಬ್ಬರಿಗೆ ಸ್ಟೇಕ್ (ಹುರಿದ ಬೀಫಿನ ದಪ್ಪ ತುಂಡು) ಮಾಡಬೇಕು. ತೊಡಕೂ ಇಷ್ಟೇ. ನನಗೆ ಒಳಗೆ ಗುಲಾಬಿ ಬಣ್ಣ ಇರಬೇಕು, ಅಂದರೆ ನಡುಭಾಗ 54 ಡಿಗ್ರಿ. ನನ್ನ ಹೆಂಡತಿಗೆ ಗುಲಾಬಿ ಕಂಡರೆ ತಟ್ಟೆಯೇ ಬೇಡ. ಅವಳದ್ದು 66. (ಇಲ್ಲಿ ಡಿಗ್ರಿ ಅಂದರೆಲ್ಲ ಸೆಲ್ಸಿಯಸ್.) ಎರಡೂ ಬಿಸಿಬಿಸಿಯಾಗಿ, ಒಟ್ಟಿಗೇ ಮೇಜಿಗೆ ಬರಬೇಕು. ಒಬ್ಬರು ತಿನ್ನುವಾಗ ಇನ್ನೊಬ್ಬರು ಒಲೆ ಮುಂದೆ ನಿಂತಿದ್ದರೆ ಅದೇನು ವಿಶೇಷ ಊಟ, ಅಲ್ವಾ?

ಮೂರು ಶನಿವಾರ ತಾಲೀಮು, ನಾಲ್ಕನೆಯದು ನಿಜವಾದ ದಿನ. ಒಟ್ಟು ಎಂಟು ತುಂಡು ಮಾಂಸ. ಅದರಲ್ಲಿ ಮನಸಾರೆ ತಿಂದದ್ದು ಮೂರು.

ಸಾಮಾನು

26 ಸೆಂ.ಮೀ. ಅಗಲದ ಬೀಡು ಕಬ್ಬಿಣದ ಪ್ಯಾನ್. ಸ್ಟೀಲಿನ ಸಣ್ಣ ಪಾತ್ರೆ. ಟ್ರೇ, ಅದರ ಮೇಲೆ ಕೂರುವ ತಂತಿ ಜಾಲರಿ. ಉದ್ದನೆಯ ಚಿಮಟ. ಗ್ರಾಂ ಲೆಕ್ಕದ ತಕ್ಕಡಿ. ಕಿಚನ್ ಟಿಶ್ಯೂ. ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್. ಈ ಕೊನೆಯದನ್ನು ಎರಡನೇ ಶನಿವಾರದ ನಂತರ ಹೊಸದಾಗಿ ಕೊಂಡೆ. ಅದಕ್ಕೆ ಕೊಟ್ಟ ದುಡ್ಡು ನಾನು ಹಾಳುಮಾಡಿದ ಒಂದು ತುಂಡು ಮಾಂಸಕ್ಕಿಂತ ಕಡಿಮೆ. ಮೊದಲೇ ಕೊಳ್ಳಬೇಕಿತ್ತು.

ಶನಿವಾರ 1: ಬೂದು ಬಣ್ಣ

ಪ್ಯಾಕೆಟ್ಟಿನಲ್ಲಿ ಸಿಕ್ಕಿದ್ದು 2 ಸೆಂ.ಮೀ. ದಪ್ಪದ ಎರಡು ರಿಬ್‌ಐ (ಪಕ್ಕೆಲುಬಿನ ಭಾಗದ ಮಾಂಸ) ತುಂಡು. ಒಂದೊಂದೂ ಸುಮಾರು 230 ಗ್ರಾಂ. ಫ್ರಿಜ್ಜಿನಿಂದ ತೆಗೆದೆ, ಉಪ್ಪು ಸವರಿದೆ, ಹತ್ತು ನಿಮಿಷ ಬಿಟ್ಟು ಎರಡನ್ನೂ ಒಟ್ಟಿಗೆ ಪ್ಯಾನಿಗೆ ಹಾಕಿದೆ.

ಮೊದಲು ಚುಯ್ಯ್ ಅಂತ ಜೋರು ಸದ್ದು ಬಂತು. ಖುಷಿಯಾಯಿತು. ಇಪ್ಪತ್ತು ಸೆಕೆಂಡಿನಲ್ಲಿ ಆ ಸದ್ದು ಇಳಿಯಿತು. ಆಮೇಲೆ ಕೇಳಿದ್ದು ಗುಳುಗುಳು. ತುಂಡುಗಳ ನಡುವೆ ಬೂದು ಬಣ್ಣದ ನೀರು ನಿಂತು ಕುದಿಯುತ್ತಿತ್ತು. ಹುರಿಯಲು ಹೊರಟವನು ಬೇಯಿಸುತ್ತಿದ್ದೆ. ಗಡಿಯಾರ ನೋಡಿಕೊಂಡು ಒಂದೊಂದು ಕಡೆಗೆ ಮೂರು ನಿಮಿಷ ಕೊಟ್ಟೆ. ಬಣ್ಣ ಬರಲಿಲ್ಲ ಅಂತ ಇನ್ನೆರಡು ನಿಮಿಷ ಸೇರಿಸಿದೆ. ತೆಗೆದು ಕತ್ತರಿಸಿದರೆ ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣ, ತೊಳೆದಿಟ್ಟ ಸ್ಲೇಟಿನ ಹಾಗೆ.

"ನನಗೂ ಇಷ್ಟು ಬೇಡ ರೀ" ಅಂದಳು.

ತಪ್ಪುಗಳು. ದಪ್ಪ ಸಾಲದು. 2 ಸೆಂ.ಮೀ. ತುಂಡಿನಲ್ಲಿ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಬೆಂದು ಮುಗಿದಿರುತ್ತದೆ. ಇನ್ನೊಂದು, ಉಪ್ಪು ಹಾಕಿದ ಹೊತ್ತು. ಉಪ್ಪು ಬಿದ್ದ ಸ್ವಲ್ಪ ಹೊತ್ತಿಗೆ ಮಾಂಸದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ಆ ಉಪ್ಪುನೀರು ಮೆಲ್ಲಗೆ ಒಳಕ್ಕೆ ಹೋಗುತ್ತದೆ. ನಾನು ಸರಿಯಾಗಿ ನೀರು ಮೇಲೆ ನಿಂತಿದ್ದ ಹೊತ್ತಿಗೇ ಪ್ಯಾನಿಗೆ ಹಾಕಿದ್ದೆ. ಮೇಲ್ಮೈ ಒದ್ದೆ ಇರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ ಹಿಡಿಯಲು 140ರ ಆಚೆ ಹೋಗಬೇಕು. ಉಪ್ಪು ಹಾಕುವುದಾದರೆ ಪ್ಯಾನಿಗೆ ಹಾಕುವ ಕ್ಷಣದಲ್ಲಿ ಹಾಕಿ, ಇಲ್ಲವೇ ಮುಕ್ಕಾಲು ಗಂಟೆಯಾದರೂ ಮೊದಲೇ, ಸಾಧ್ಯವಾದರೆ ಹಿಂದಿನ ದಿನವೇ ಹಾಕಿ. ನಡುವೆ ಬೇಡ.

ಶನಿವಾರ 2: ಹೊರಗೆ ಇದ್ದಿಲು, ಒಳಗೆ ಹಸಿ

ಈ ಸಲ ಮಾಂಸದ ಅಂಗಡಿಯವನ ಎದುರು ನಿಂತು 4 ಸೆಂ.ಮೀ. ದಪ್ಪಕ್ಕೆ ಕತ್ತರಿಸಿ ಅಂದೆ. ಬೆರಳಲ್ಲಿ ತೋರಿಸಿದರೆ ನಂಬಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ತೋರಿಸಬೇಕಾಯಿತು. ತೂಕ 452 ಗ್ರಾಂ ಮತ್ತು 438 ಗ್ರಾಂ. ಮಾಂಸದ ತೂಕದ ನೂರಕ್ಕೆ ಒಂದು ಪಾಲು ಉಪ್ಪು, ಅಂದರೆ ಒಂದೊಂದಕ್ಕೆ 4.5 ಗ್ರಾಂ. ಪುಡಿ ಉಪ್ಪಾದರೆ ಮುಕ್ಕಾಲು ಟೀ ಚಮಚ. ಎಲ್ಲ ಬದಿಗೂ, ಅಂಚಿಗೂ ಸವರಿ, ಜಾಲರಿ ಮೇಲೆ ಮುಚ್ಚದೆ ಇಟ್ಟು, ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ ಬಿಟ್ಟೆ. ಕೆಳಗಿನ ಶೆಲ್ಫೇ ಯಾಕೆ ಅಂದರೆ ಹಸಿ ಮಾಂಸದ ನೀರು ಬೇರೆ ಯಾವುದರ ಮೇಲೂ ತೊಟ್ಟಿಕ್ಕಬಾರದು.

ಮಾರನೇ ದಿನ ನೋಡಿದಾಗ ಬಣ್ಣ ಗಾಢವಾಗಿತ್ತು. ಮೇಲ್ಮೈ ಮುಟ್ಟಿದರೆ ಹಳೇ ಚರ್ಮದ ಪರ್ಸಿನ ಹಾಗೆ ಒಣಗಿತ್ತು. ಟಿಶ್ಯೂ ಒತ್ತಿದರೆ ಒದ್ದೆ ಆಗಲಿಲ್ಲ. 452 ಇದ್ದದ್ದು 439 ಆಗಿತ್ತು. ಈ ನಾಲ್ಕು ವಾರದಲ್ಲಿ ಮೊದಲ ಸಲಕ್ಕೇ ಸರಿ ಬಂದದ್ದು ಇದೊಂದೇ. ಆಮೇಲೆ ಎಂದೂ ಬದಲಿಸಲಿಲ್ಲ.

ಮುಂದಿನದು ನನ್ನ ಪೆದ್ದುತನ. ಕಳೆದ ಸಲ ಬಿಸಿ ಸಾಲಲಿಲ್ಲ ಅಂತ ಈ ಸಲ ಪ್ಯಾನನ್ನು ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿದೆ. ಅದಕ್ಕೆ ಸೀದಾ 40 ಗ್ರಾಂ ಬೆಣ್ಣೆ ಹಾಕಿದೆ. ಬೆಣ್ಣೆಯಲ್ಲಿರುವ ಹಾಲಿನ ಅಂಶ 150 ಡಿಗ್ರಿಯ ಹತ್ತಿರವೇ ಸೀಯಲು ಶುರುವಾಗುತ್ತದೆ. ನನ್ನ ಪ್ಯಾನ್ ಅದಕ್ಕಿಂತ ಎಷ್ಟೋ ಮೇಲಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಣ್ಣೆ ಕಪ್ಪಾಯಿತು. ಸ್ಟೇಕ್ ಹಾಕಿದೆ. ಹೊಗೆ ಎದ್ದಿತು, ಸ್ಮೋಕ್ ಅಲಾರಾಂ ಕೂಗಿಕೊಂಡಿತು. ಅವಳು ಟವೆಲ್ ಬೀಸುತ್ತಾ ಕಿಟಕಿ ತೆಗೆಯಲು ಓಡಿದಳು. ನಾನು ಚಿಮಟ ಹಿಡಿದು ಹೊಗೆಯೊಳಗೆ ಕೆಮ್ಮುತ್ತಾ ನಿಂತಿದ್ದೆ.

ಕತ್ತರಿಸಿದಾಗ ಕಂಡದ್ದು ಮೇಲೆ ಕಹಿಯಾದ ಕಪ್ಪು ಪದರ, ಅದರ ಕೆಳಗೆ ಒಂದು ಸೆಂ.ಮೀ. ಬೂದು, ನಡುವೆ ತಣ್ಣನೆಯ ಹಸಿ ಮಾಂಸ. ಮೂರೂ ಒಂದೇ ತುಂಡಿನಲ್ಲಿ. ದಪ್ಪ ತುಂಡನ್ನು ಬರೀ ದೊಡ್ಡ ಉರಿಯಲ್ಲಿ ಹದಕ್ಕೆ ತರಲು ಆಗುವುದಿಲ್ಲ. ಬಿಸಿ ಒಳಗೆ ಇಳಿಯುವ ಮೊದಲೇ ಹೊರಗೆ ಸೀದಿರುತ್ತದೆ.

ಅದೇ ದಿನ ಆಲೂಗಡ್ಡೆಯೂ ಕೆಟ್ಟಿತು. ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗಾಗಲಿ ಅಂತ ಮಿಕ್ಸಿಗೆ ಹಾಕಿದೆ. ಬ್ಲೇಡಿಗೆ ಸಿಕ್ಕಿ ಗಂಜಿ ಬಿಟ್ಟುಕೊಂಡು ಅಂಟಾಯಿತು. ಚಮಚ ಎತ್ತಿದರೆ ನೂಲು ಬರುತ್ತಿತ್ತು. ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು. ಆ ರಾತ್ರಿ ಬ್ರೆಡ್ ತಿಂದು ಮಲಗಿದೆವು.

ನಡುವಿನ ವಾರ: ಅಳತೆಯ ಸಾಮಾನನ್ನೇ ಅಳೆದದ್ದು

ಹೊಸ ಥರ್ಮಾಮೀಟರ್ ಬಂತು. ಲೋಟದ ತುಂಬಾ ಪುಡಿ ಐಸ್, ಅದರ ಸಂದಿ ತುಂಬುವಷ್ಟೇ ನೀರು ಹಾಕಿ, ಕದಡಿ, ಎರಡು ನಿಮಿಷ ಬಿಟ್ಟು ಅದ್ದಿದೆ. 0 ತೋರಿಸಬೇಕಿತ್ತು. 0.4 ತೋರಿಸಿತು. ಸಾಕು. ಕುದಿಯುವ ನೀರಲ್ಲಿ ಪರೀಕ್ಷಿಸಬೇಡಿ. ಎತ್ತರದ ಜಾಗದಲ್ಲಿ ನೀರು 100ಕ್ಕಿಂತ ಮೊದಲೇ ಕುದಿಯುತ್ತದೆ, ಸುಮ್ನೆ ಲೆಕ್ಕ ತಪ್ಪುತ್ತದೆ.

ಆಮೇಲೆ ಓವನ್. ಗುಂಡಿಯನ್ನು 120ಕ್ಕೆ ತಿರುಗಿಸಿ, ಒಳಗೆ ಜಾಲರಿ ಮೇಲೆ ಓವನ್ ಥರ್ಮಾಮೀಟರ್ ಇಟ್ಟು ಅರ್ಧ ಗಂಟೆ ಬಿಟ್ಟೆ. 138! ಇಷ್ಟು ವರ್ಷ ಕೇಕಿನ ಅಂಚು ಯಾಕೆ ಸೀಯುತ್ತಿತ್ತು ಅನ್ನುವುದು ಆವತ್ತು ಗೊತ್ತಾಯಿತು. ಗುಂಡಿ 105ರಲ್ಲಿ ಇದ್ದರೆ ಒಳಗೆ ನಿಜವಾದ 120 ಇರುತ್ತದೆ. ಗುಂಡಿಯ ಪಕ್ಕ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟೆ.

ಶನಿವಾರ 3: ಹದ ಬಂತು, ಹೊತ್ತು ತಪ್ಪಿತು

ಈಗ ಉಲ್ಟಾ ದಾರಿ. ಮೊದಲು ಕಡಿಮೆ ಬಿಸಿಯ ಓವನ್ನಿನಲ್ಲಿ ನಿಧಾನಕ್ಕೆ ಒಳಗಿನ ಹದ ತರುವುದು. ಕೊನೆಗೆ ಎರಡೇ ನಿಮಿಷ ಪ್ಯಾನಿನಲ್ಲಿ ಬಣ್ಣ ಹಿಡಿಸುವುದು. ಓವನ್ನಿನ ಒಣ ಗಾಳಿಗೆ ಮೇಲ್ಮೈ ಇನ್ನೂ ಒಣಗುತ್ತದೆ, ಹಾಗಾಗಿ ಬಣ್ಣ ಬೇಗ ಹಿಡಿಯುತ್ತದೆ. ಮೊದಲೇ ಹುರಿದರೆ ರಸ ಒಳಗೇ ಬೀಗ ಹಾಕಿದ ಹಾಗೆ ಉಳಿಯುತ್ತದೆ ಅನ್ನುವ ಮಾತು 19ನೇ ಶತಮಾನದಲ್ಲಿ ಲೀಬಿಗ್ ಎಂಬ ರಸಾಯನ ವಿಜ್ಞಾನಿಯಿಂದ ಹರಡಿದ್ದು. ಅದು ಸರಿಯಲ್ಲ. ಹುರಿದು ತೆಗೆದ ತುಂಡಿನಿಂದಲೂ ತಟ್ಟೆಗೆ ರಸ ಸೋರುವುದು ಕಣ್ಣಿಗೇ ಕಾಣುತ್ತದಲ್ಲ.

ಸ್ಟೇಕನ್ನು ಅರ್ಧ ಗಂಟೆ ಹೊರಗಿಟ್ಟು ತಣಿವು ಬಿಡಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಚುಚ್ಚಿ ನೋಡಿದೆ. ಅರ್ಧ ಗಂಟೆಯಲ್ಲಿ ನಡುಭಾಗ 4ರಿಂದ 7ಕ್ಕೆ ಬಂದಿತ್ತು, ಅಷ್ಟೇ. ಬಿಟ್ಟುಬಿಟ್ಟೆ. ಫ್ರಿಜ್ಜಿನಿಂದ ಸೀದಾ ಓವನ್ನಿಗೆ.

ಎರಡೂ ತುಂಡನ್ನು ಒಟ್ಟಿಗೆ ಇಟ್ಟೆ. ಇಪ್ಪತ್ತನೇ ನಿಮಿಷಕ್ಕೆ ಮೇಲಿನಿಂದ ಚುಚ್ಚಿದರೆ 58! ಎದೆ ಧಸಕ್ ಅಂತು. ಹೊರಗೆ ಎಳೆದು ನೋಡಿದರೆ ಕಡ್ಡಿಯ ತುದಿ ಮಾಂಸವನ್ನು ದಾಟಿ ಕೆಳಗಿನ ಬಿಸಿ ಜಾಲರಿಗೆ ತಾಗಿತ್ತು. ಪಕ್ಕದಿಂದ, ದಪ್ಪದ ಸರಿ ಮಧ್ಯಕ್ಕೆ, ನೆಣದ ಗಂಟು ತಪ್ಪಿಸಿ ಚುಚ್ಚಿದೆ. 31. ಥರ್ಮಾಮೀಟರ್ ಇದ್ದರೆ ಸಾಲದು, ಎಲ್ಲಿ ಚುಚ್ಚುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಅಲ್ಲಿಂದ ಪ್ರತಿ ಮೂರು ನಿಮಿಷಕ್ಕೆ ಬರೆದುಕೊಂಡೆ. 47 ತಲುಪಿದ್ದು 33ನೇ ನಿಮಿಷಕ್ಕೆ. 54 ದಾಟಿದ್ದು 42ಕ್ಕೆ. 60 ಆಗಿದ್ದು 52ಕ್ಕೆ. ಪ್ಯಾನಿನಲ್ಲಿ ಆರೇಳು ಡಿಗ್ರಿ ಏರುತ್ತದೆ ಅನ್ನುವ ಅಂದಾಜಿನಲ್ಲಿ ನನ್ನದನ್ನು 47ಕ್ಕೂ ಅವಳದ್ದನ್ನು 60ಕ್ಕೂ ತೆಗೆದೆ.

ಇಲ್ಲೇ ಎಡವಿದ್ದು. ನನ್ನದು ಹತ್ತೊಂಬತ್ತು ನಿಮಿಷ ಹೊರಗೆ ಕಾದು ಕೂತಿತು. ಅಷ್ಟರಲ್ಲಿ 40ಕ್ಕೆ ಇಳಿದಿತ್ತು. ಪ್ಯಾನಿನಿಂದ ಬಂದಾಗ 46. ಅವಳದ್ದು ಸರಿಯಾಗಿ 66. ಅವಳು ತೃಪ್ತಿಯಿಂದ ತಿಂದಳು. ನನ್ನದು ಅಗಿಯಲು ಮೆತ್ತಗಿದ್ದರೂ ನಡುವೆ ಉಗುರುಬೆಚ್ಚಗೆ.

ಅದೇ ದಿನ ಇನ್ನೊಂದು ಎಡವಟ್ಟು. ಪ್ಯಾನಿನ ತಳದಲ್ಲಿ ಕಂದು ಚಕ್ಕೆ ಅಂಟಿತ್ತು, ಸಾಸಿಗೆ ಅದೇ ರುಚಿ ಅಂತ ಅರ್ಧ ಕಪ್ ರೆಡ್ ವೈನ್ ಸುರಿದೆ. ಸ್ವಲ್ಪ ವಿನಿಗರ್ ಕೂಡ. ಹತ್ತು ನಿಮಿಷ ಕುದಿಸಿದೆ. ಬೀಡಿಗೆ ಹುಳಿ ಆಗುವುದಿಲ್ಲ ಅಂತ ಗೊತ್ತಿತ್ತು, ಸ್ವಲ್ಪ ಹೊತ್ತು ಅಲ್ವಾ ಅಂದುಕೊಂಡೆ. ಸಾಸು ಹಳೇ ನಾಣ್ಯ ನೆಕ್ಕಿದ ಹಾಗಿತ್ತು. ಪ್ಯಾನಿನ ಕಪ್ಪು ಹೊಳಪು ನಡುವೆ ಅಂಗೈಯಗಲ ಕಿತ್ತುಬಂದು ಬೋಳು ಕಬ್ಬಿಣ ಕಾಣುತ್ತಿತ್ತು.

ಪ್ಯಾನ್ ರಿಪೇರಿ (ಭಾನುವಾರ, ನಾಲ್ಕು ಗಂಟೆಗಿಂತ ಜಾಸ್ತಿ)

ಬಿಸಿನೀರು, ಸ್ವಲ್ಪ ಸೋಪು, ಒರಟು ಸ್ಕ್ರಬರ್. ಒಲೆ ಮೇಲಿಟ್ಟು ಪೂರ್ತಿ ಒಣಗಿಸಿದೆ. ಅರ್ಧ ಟೀ ಚಮಚ ರಿಫೈನ್ಡ್ ಎಣ್ಣೆ ಸವರಿ, ಎಣ್ಣೆಯನ್ನೇ ಹಾಕಿಲ್ಲವೇನೋ ಅನ್ನುವಷ್ಟು ಒರೆಸಿ ತೆಗೆದೆ. ಓವನ್ನಿನಲ್ಲಿ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ. ಹೀಗೆ ಮೂರು ಸಲ. ಮೊದಲ ಸಲ ಒರೆಸುವಾಗ ಸೋಮಾರಿತನ ಮಾಡಿದ್ದಕ್ಕೆ ಎಣ್ಣೆ ಅಂಟಂಟಾಗಿ ಹನಿಗಟ್ಟಿತು. ಉಜ್ಜಿ ಮತ್ತೆ ಶುರು ಮಾಡಿದೆ. ಸಾಸು ಇನ್ನು ಮುಂದೆ ಸ್ಟೀಲ್ ಪಾತ್ರೆಯಲ್ಲಿ.

ಶನಿವಾರ 4: ನಿಜವಾದ ದಿನ

ಲೆಕ್ಕ ಸುಲಭ. 52ರಲ್ಲಿ 33 ಕಳೆದರೆ 19. ಅವಳ ತುಂಡು ಹತ್ತೊಂಬತ್ತು ನಿಮಿಷ ಮೊದಲು ಓವನ್ನಿಗೆ ಹೋಗಬೇಕು. ಆಗ ಎರಡೂ ಒಂದೇ ಹೊತ್ತಿಗೆ ಹೊರಬರುತ್ತವೆ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಆರು ತುಂಡು ಮಾಂಸ ಬೇಕಾಯಿತು.

ಗುರುತಿಗೆ ಅವಳದ್ದಕ್ಕೆ ಒಂದು ಟೂತ್‌ಪಿಕ್ ಚುಚ್ಚಿದೆ. ಓವನ್ನಿನಿಂದ ಬಂದ ಮೇಲೆ ಎರಡೂ ಒಂದೇ ಥರ ಬೂದುಬೂದಾಗಿ ಕಾಣುತ್ತವೆ, ಕಣ್ಣಲ್ಲಿ ಹೇಳಲಾಗುವುದಿಲ್ಲ.

6.00. ಆಲೂಗಡ್ಡೆ ಬೇಯಲು ಇಟ್ಟೆ. ಮೊದಲು ಓವನ್ನಿನಲ್ಲಿ ಗರಿಗರಿ ಮಾಡುವ ಆಸೆ ಇತ್ತು. ಅದಕ್ಕೆ 220 ಬೇಕು, ಸ್ಟೇಕಿಗೆ 120. ಓವನ್ ಒಂದೇ. ಆಸೆ ಬಿಟ್ಟೆ. ಈ ಸಲ ಕೈಯಲ್ಲೇ ಮಸೆದು, ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು ಸೇರಿಸಿ, ಪಾತ್ರೆಯನ್ನು ಬಿಸಿನೀರಿನ ಮೇಲೆ ಮುಚ್ಚಿಟ್ಟೆ. ಒಂದು ಗಂಟೆಗೂ ಮೀರಿ ಬಿಸಿಯಾಗೇ ಇತ್ತು.

6.30. ಓವನ್ ಆನ್, ಗುಂಡಿ ಚುಕ್ಕೆಯ ಹತ್ತಿರ.

6.50. ಅವಳದ್ದು ಒಳಗೆ.

7.09. ನನ್ನದು ಒಳಗೆ. ಅಲಾರಾಂ ಇಟ್ಟಿದ್ದೆ. ಇಲ್ಲದಿದ್ದರೆ ಖಂಡಿತ ಮರೆಯುತ್ತಿದ್ದೆ, ಸಾಸಿನಲ್ಲಿ ಮುಳುಗಿದ್ದೆ. ಸ್ಟೀಲ್ ಪಾತ್ರೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಅರ್ಧ ಕಪ್ ವೈನ್, ಒಂದು ಕಪ್ ಸ್ಟಾಕ್ (ಮೂಳೆ, ತರಕಾರಿ ಕುದಿಸಿ ಸೋಸಿದ ನೀರು). ಕಾಲು ಭಾಗಕ್ಕೆ ಇಳಿಸಿ, ಉರಿ ಆರಿಸಿ, ತಣ್ಣನೆಯ ಬೆಣ್ಣೆ 20 ಗ್ರಾಂ ತಿರುಗಿಸಿದೆ. ಮತ್ತೆ ಕುದಿಸಿದರೆ ಬೆಣ್ಣೆ ಒಡೆದು ಬೇರೆಯಾಗುತ್ತದೆ, ಹಾಗಾಗಿ ಪಾತ್ರೆಯನ್ನು ಪಕ್ಕಕ್ಕಿಟ್ಟೆ.

7.34. ಪ್ಯಾನ್ ಒಲೆ ಮೇಲೆ. ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಉರಿ. ಕಿಟಕಿ ತೆರೆದಿದೆ, ಫ್ಯಾನ್ ಓಡುತ್ತಿದೆ. ಅಲಾರಾಮಿನ ಬ್ಯಾಟರಿ ತೆಗೆಯುವ ಯೋಚನೆ ಬಂದಿತ್ತು. "ಬೇಡ, ಅದು ಇರಲಿ" ಅಂದಳು. ಅವಳು ಹೇಳಿದ್ದೇ ಸರಿ.

7.42. ಎರಡೂ ಹೊರಗೆ. ಅವಳದ್ದು 60, ನನ್ನದು 47. ಕೈ ನಡುಗುವಷ್ಟು ಖುಷಿ. ಓವನ್ ಆರಿಸಿ ಎರಡು ತಟ್ಟೆ ಒಳಗಿಟ್ಟೆ, ಬೆಚ್ಚಗಾಗಲಿ ಅಂತ.

7.44. ಪ್ಯಾನಿಗೆ ಒಂದು ಚಮಚ ರಿಫೈನ್ಡ್ ಎಣ್ಣೆ. ತೆಳು ಹೊಗೆ ಎದ್ದ ಕೂಡಲೇ ಅವಳ ತುಂಡು. ಮೊದಲು ನೆಣದ ಅಂಚನ್ನು ಚಿಮಟದಲ್ಲಿ ನಿಲ್ಲಿಸಿ ಹಿಡಿದೆ, ಮುಕ್ಕಾಲು ನಿಮಿಷ. ಬೆಳ್ಳಗೆ ರಬ್ಬರಿನ ಹಾಗಿದ್ದ ನೆಣ ಕಣ್ಣೆದುರೇ ಕರಗಿ ಕುಗ್ಗಿತು. ಅಂಚು ಹೊನ್ನಿನ ಬಣ್ಣಕ್ಕೆ ತಿರುಗಿ ಚಿಟಿಚಿಟಿ ಅನ್ನತೊಡಗಿತು. ಆಮೇಲೆ ಮಲಗಿಸಿ, ಅರ್ಧರ್ಧ ನಿಮಿಷಕ್ಕೆ ಮಗುಚಿ, ಒಟ್ಟು ಎರಡು ನಿಮಿಷ. ಕೊನೆಯ ನಲವತ್ತು ಸೆಕೆಂಡಿಗೆ ಉರಿ ಇಳಿಸಿ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು, ಥೈಮ್ ಸೊಪ್ಪು ಒಂದು ಕಡ್ಡಿ. ಪ್ಯಾನ್ ಓರೆ ಮಾಡಿ, ನೊರೆಗಟ್ಟಿದ ಬೆಣ್ಣೆಯನ್ನು ಚಮಚದಲ್ಲಿ ಮೊಗೆದು ಮೊಗೆದು ಮೇಲೆ ಸುರಿದೆ. ಕಾಳುಮೆಣಸು ತೆಗೆದ ಮೇಲೆಯೇ. ಮೊದಲೇ ಹಾಕಿದರೆ ಸೀಯುತ್ತದೆ.

ತಟ್ಟೆಗೆ ತೆಗೆದು ನೋಡಿದರೆ ಒಂದು ಬದಿಯಲ್ಲಿ ಎರಡು ಬೆರಳಗಲ ಜಾಗ ಪೇಲವ. ಟೂತ್‌ಪಿಕ್ ಕಿತ್ತಿರಲಿಲ್ಲ! ಅದರ ತಲೆ ಪ್ಯಾನಿಗೆ ತಾಗಿ ಆ ಮೂಲೆ ಮೇಲಕ್ಕೆ ನಿಂತಿತ್ತು.

7.48. ನನ್ನ ಸರದಿ. ಸುಟ್ಟ ಬೆಣ್ಣೆ ಒರೆಸಿ ತೆಗೆದು, ಹೊಸ ಎಣ್ಣೆ ಹಾಕಿದೆ. ಎರಡನೇ ಸಲಕ್ಕೆ ಪ್ಯಾನ್ ಇನ್ನೂ ಜಾಸ್ತಿ ಕಾದಿತ್ತು, ಅದು ಗೊತ್ತಾಗಲಿಲ್ಲ. ಬೆಣ್ಣೆ, ಬೆಳ್ಳುಳ್ಳಿಯ ವಾಸನೆಗೆ ಮನಸೋತು ಅರ್ಧ ನಿಮಿಷ ಹೆಚ್ಚು ಹೊತ್ತು ಚಮಚ ಆಡಿಸಿದೆ. ಬೇಕಿದ್ದದ್ದು 54, ಬಂದದ್ದು 57. ನಾಲ್ಕು ವಾರ ಲೆಕ್ಕ ಹಾಕಿದವನು ಕೊನೆಯ ಅರ್ಧ ನಿಮಿಷದಲ್ಲಿ ಗಡಿಯಾರ ನೋಡಲಿಲ್ಲ.

7.53. ಮೇಜು. ಓವನ್ನಿನಲ್ಲಿ ನಿಧಾನಕ್ಕೆ ಬೆಂದಿದ್ದರಿಂದ ಹೆಚ್ಚು ಹೊತ್ತು ಇಟ್ಟು ಕಾಯುವ ಅಗತ್ಯ ಇರಲಿಲ್ಲ. ಎಳೆ ಯಾವ ಕಡೆ ಓಡುತ್ತದೆ ನೋಡಿ, ಅದಕ್ಕೆ ಅಡ್ಡವಾಗಿ ಬೆರಳು ದಪ್ಪ ಕತ್ತರಿಸಿದೆ. ತಟ್ಟೆಯಲ್ಲಿ ನಿಂತ ರಸವನ್ನು ಸಾಸಿಗೆ ಸುರಿದೆ. ಆ ಕೆಂಪು ರಸ ರಕ್ತವಲ್ಲ, ನೀರಿನ ಜೊತೆ ಸೇರಿದ ಮಯೋಗ್ಲೋಬಿನ್, ಅಂದರೆ ಮಾಂಸಖಂಡದಲ್ಲಿರುವ ಕೆಂಪು ಬಣ್ಣದ ಪ್ರೋಟೀನ್. ಇದನ್ನು ಅವಳಿಗೆ ನಾಲ್ಕನೇ ಸಲ ಹೇಳಿದೆ. ನಾಲ್ಕನೇ ಸಲವೂ ನಂಬಲಿಲ್ಲ.

ಹದದ ಬಗ್ಗೆ ಒಂದು ಎಚ್ಚರಿಕೆ

ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಬೀಫಿಗೆ ಹೇಳುವುದು 63 ಡಿಗ್ರಿ, ಮೇಲೆ ಮೂರು ನಿಮಿಷ ಬಿಡುವು. ನನ್ನ 54 ಅದಕ್ಕಿಂತ ಕೆಳಗೆ, ಅದು ಗೊತ್ತಿದ್ದೇ ತಿನ್ನುತ್ತೇನೆ. ಇಡೀ ತುಂಡಿನಲ್ಲಿ ಸೂಕ್ಷ್ಮಾಣುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಪ್ಯಾನಿನ ಬಿಸಿ ಅದನ್ನು ನೋಡಿಕೊಳ್ಳುತ್ತದೆ. ಮೆತ್ತಗಾಗಲಿ ಅಂತ ಸೂಜಿ ಚುಚ್ಚಿದ ಮಾಂಸ, ಕೊಚ್ಚಿದ ಮಾಂಸದಲ್ಲಿ ಹೊರಗಿನದು ಒಳಗೆ ಹೋಗಿರುತ್ತದೆ. ಅದಕ್ಕೆ ಈ ಆಟ ಬೇಡ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಊಟಕ್ಕಿದ್ದರೂ ಬೇಡ.

ಮುಂದಿನ ಸಲಕ್ಕೆ

ಊಟದ ನಡುವೆ ಅವಳು ನನ್ನ ತಟ್ಟೆಯಿಂದ ಅಂಚಿನ ಒಂದು ತುಂಡು ಎತ್ತಿಕೊಂಡಳು. ರಿಬ್‌ಐಯ ಹೊರಸುತ್ತಿನ ಆ ಭಾಗದಲ್ಲಿ ನೆಣ ಜಾಸ್ತಿ, ಅಲ್ಲೇ ಎಲ್ಲಕ್ಕಿಂತ ರುಚಿ. ಏನೂ ಅನ್ನಲಿಲ್ಲ. ಎರಡನೆಯದನ್ನೂ ಎತ್ತಿಕೊಂಡಳು. ಪ್ಯಾನ್ ತೊಳೆಯುವಾಗ ಹಿಂದಿನಿಂದ ಬಂದು, "ಮುಂದಿನ ಸಲ ನನ್ನದನ್ನ ಅರವತ್ತಕ್ಕೆ ನಿಲ್ಲಿಸಿ" ಅಂದಳು.

ಕೈ ಒರೆಸಿಕೊಂಡು ನೋಟ್‌ಬುಕ್ ತೆಗೆದೆ. ಅರವತ್ತು ಬೇಕೆಂದರೆ ಓವನ್ನಿನಿಂದ 54ಕ್ಕೆ ತೆಗೆಯಬೇಕು. ಮೂರನೇ ಶನಿವಾರದ ಲೆಕ್ಕದಲ್ಲಿ 54 ಬಂದದ್ದು 42ನೇ ನಿಮಿಷಕ್ಕೆ. ಹತ್ತೊಂಬತ್ತು ಹೊಡೆದು ಪಕ್ಕದಲ್ಲಿ ಒಂಬತ್ತು ಬರೆದೆ. ಕೆಳಗೆ ಇನ್ನೊಂದು ಸಾಲು: ಟೂತ್‌ಪಿಕ್ ಕಿತ್ತು ಪ್ಯಾನಿಗೆ ಹಾಕುವುದು.